ಬಾಟಲಿಯೊಳಗಿನ ತಾಯಿ

ಇದನ್ನು ನಿನ್ನ ತಮ್ಮಂದಿರೂ ಓದಲಿ. ಆದರೆ ಬರೆಯುತ್ತಿರುವುದು ನಿನಗೆ, ನನ್ನ ದೊಡ್ಡ ಮೊಮ್ಮಗಳಿಗೆ.

ಹೋದ ಬೇಸಿಗೆ ರಜೆಯಲ್ಲಿ ನೀನು ಬೀದರದಿಂದ ಚಿಂತಾಕಿಗೆ ಬಂದಿದ್ದಾಗ ನಾನು ಅಂಗಳದಲ್ಲಿ ಕೂತು ಶ್ಯಾವಿಗೆ ಹೊಸೆಯುತ್ತಿದ್ದೆ. ನೀನು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಒಂದು ಹಾವಿನ ಚಿತ್ರ ತೋರಿಸಿದೆ. ಯಾವುದೋ ದೂರದ ದ್ವೀಪದ್ದು. ನಾಣ್ಯದ ಮೇಲೆ ಸುರುಳಿಯಾಗಿ ಮಲಗಿತ್ತು, ನನ್ನ ಕೈಯಲ್ಲಿದ್ದ ಎಳೆಗಿಂತ ತುಸುವೇ ದಪ್ಪ.

"ಜಗತ್ತಿನಾಗ ಎಲ್ಲಕ್ಕಿಂತ ಸಣ್ಣ ಹಾವು ಇದು, ಆಯಿ."

"ಮರಿ ಇರಬೇಕು ತಗೋ."

"ಮರಿ ಅಲ್ಲ, ದೊಡ್ಡದೇ. ಇಷ್ಟೇ ಬೆಳೀತದ."

"ದೊಡ್ಡದು ಅಂತ ಹ್ಯಾಂಗ ತಿಳೀತದ?"

"ಉದ್ದ ನೋಡಿ ಅಲ್ಲ. ಮೊಟ್ಟಿ ಇಡೋ ಹಂಗ ಆತು ಅಂದ್ರ ದೊಡ್ಡದಾತು. ನಮ್ಮ ಕಡಿ ಮಣ್ಣಾಗ ಇರ್ತಾವಲ್ಲ, ಕುರುಡು ಹಾವು, ಅವೂ ಭಾಳ ಸಣ್ಣವೇ. ಅವುಗಳಾಗ ಗಂಡೇ ಇಲ್ಲ ಆಯಿ, ಎಲ್ಲಾ ಹೆಣ್ಣೇ!"

ನನ್ನ ಕೈ ನಿಂತಿತು. ನೀನು ನನ್ನ ಮುಖ ನೋಡಿ ನಕ್ಕೆ. "ಯಾಕ ಆಯಿ, ಹಾವು ಕಡದವರಂಗ ಕುಂತಿ?" ಎಂದೆ. ನಾನು ಮತ್ತೆ ಎಳೆ ಹೊಸೆಯತೊಡಗಿದೆ. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಊರ ಸಾಲಿಯಲ್ಲಿ ಕಲಿತ ಅಕ್ಷರ ಇದಕ್ಕಾದರೂ ಇರಲಿ.

ನೀನು ನಿನ್ನ ಅವ್ವನ ಹೊಟ್ಟೆಯಲ್ಲಿದ್ದ ವರ್ಷ ಅದು. ನಿನ್ನ ಅಜ್ಜ ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ಭಾಲ್ಕಿಯಲ್ಲಿ, ನಿನ್ನ ಅಪ್ಪನ ಮನೆಯಲ್ಲಿ, ನಿನ್ನ ಅವ್ವನಿಗೆ ಸೀಮಂತದ ಕುಬಸ ಮಾಡಿದಾಗ ಹೆಂಗಸರೆಲ್ಲ ಉಡಿ ತುಂಬಿ ಆರತಿ ಎತ್ತಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಿಂತುಕೋ ಎಂದು ಯಾರೂ ಹೇಳಿರಲಿಲ್ಲ, ಒಳಗೆ ಬಾ ಎಂದೂ ಹೇಳಲಿಲ್ಲ. ನನಗೆ ಅಷ್ಟು ದುಃಖವಾಗಲಿಲ್ಲ, ಯಾಕೆಂದರೆ ಚೊಚ್ಚಲ ಬಾಣಂತನ ತೌರುಮನೆಯದು. ಮಗಳಿಗೆ ಎಣ್ಣೆ ತಿಕ್ಕುವುದಕ್ಕೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದಕ್ಕೆ ಹಣೆಯ ಮೇಲೆ ಕುಂಕುಮ ಇರಬೇಕು ಎಂದು ಯಾವ ಶಾಸ್ತ್ರವೂ ಕೇಳುವುದಿಲ್ಲ. ಅದೊಂದು ನನ್ನದು ಎಂದುಕೊಂಡಿದ್ದೆ.

ನಿನ್ನ ಅವ್ವ ಹೆರಿಗೆಗೆಂದು ಚಿಂತಾಕಿಗೆ ಬಂದಾಗ ಮಳೆಗಾಲ ಹಿಡಿದಿತ್ತು. ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಹರಿದು ಕೂಸಿನ ಬಟ್ಟೆ ಮಾಡಿಟ್ಟಿದ್ದೆ. ಅಂಟಿನುಂಡೆಗೆ ಒಣಕೊಬ್ಬರಿ, ಖಾರೀಕು, ಅಂಟು ತಂದಿಟ್ಟಿದ್ದೆ. ಬಚ್ಚಲಿನ ಫರ್ಸಿ ಕಲ್ಲುಗಳನ್ನು ನನ್ನ ಮೈದುನನಿಗೆ ಹೇಳಿ ಹೊಸದಾಗಿ ಕೂಡಿಸಿದ್ದೆ, ಬಾಣಂತಿ ಜಾರಬಾರದೆಂದು.

ಒಂದು ದಿನ ನಿನ್ನ ಭಾಲ್ಕಿಯ ಆಯಿ ಸೊಸೆಯನ್ನು ನೋಡಲು ಕರ್ಚಿಕಾಯಿ ಕಟ್ಟಿಕೊಂಡು ಬಂದರು. ಹಿಂದಿನ ಸಂಜೆ ಜೋರು ಮಳೆ ಸುರಿದಿತ್ತು. ಕಾಲು ತೊಳೆಯಲು ಬಚ್ಚಲಿಗೆ ಹೋದವರು ಕಿರುಚಿದರು. ಓಡಿ ಹೋಗಿ ನೋಡಿದರೆ, ಕಪ್ಪಗೆ ಹೊಳೆಯುವ, ಎರೆಹುಳದಂಥ ಒಂದು ಜೀವ ಕಲ್ಲಿನ ಮೇಲೆ ಹೊರಳುತ್ತಿತ್ತು. ಗೇಣುದ್ದವೂ ಇರಲಿಲ್ಲ.

"ಹುಳ ಇರಬೇಕ್ರಿ ಬೀಗ್ರೆ," ಎಂದೆ.

"ಹುಳ ನಾಲಿಗಿ ಚಾಚ್ತದೇನ್ರಿ? ಹಾವಿನ ಮರಿ ಅದು!"

ನಾಲಗೆ ಚಾಚಿದ್ದು ನಿಜ. ನಿನ್ನ ಅವ್ವ ಹೊಟ್ಟೆ ಹಿಡಿದುಕೊಂಡು ಬಗ್ಗಿ ನೋಡಿದಳು. "ಇದಕ ಕಣ್ಣೇ ಇಲ್ಲಲ್ಲ, ಅವ್ವಾ," ಎಂದಳು.

ಆ ಮಾತು ಅವಳು ಆಡದಿದ್ದರೆ ಚೆನ್ನಾಗಿತ್ತು. ಬಸುರಿಯ ಎದುರಿಗೆ ಬಂದ ಹಾವಿಗೆ ಕಣ್ಣು ಹೋಗುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನಿನ್ನ ಭಾಲ್ಕಿಯ ಆಯಿ ಎರಡೂ ಕೈ ಕೆನ್ನೆಗೆ ಬಡಿದುಕೊಂಡರು. "ನಿನ್ನ ನೋಡೇ ಅದರ ಕಣ್ಣು ಹೋಗ್ಯಾವ! ನಾಗಪ್ಪನ ಮರಿ ಅದು, ಬ್ಯಾರೆ ಅಲ್ಲ. ಮರಿ ಇಲ್ಲಿ ಅದ ಅಂದ್ರ ತಾಯಿ ಎಲ್ಲಿ ಅದ?"

ಬಸುರಿ ಇರುವ ಮನೆಯಲ್ಲಿ ಹಾವನ್ನು ಕೊಲ್ಲುವಂತಿಲ್ಲ. ಹೊರಗೆ ಬಿಟ್ಟರೆ ಮರಿ ಕಾಣದ ತಾಯಿ ಮನೆಯವರ ಮೇಲೆ ಹಗೆ ಸಾಧಿಸುತ್ತದೆ ಎಂದರು. ಹಾಗಾಗಿ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಸಿ ಮಣ್ಣು ತುಂಬಿ ಅದನ್ನು ಒಳಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಟ್ಟೆಯ ಮೇಲಿಟ್ಟೆವು. ವಾಸನೆ ಹಿಡಿದು ತಾಯಿ ಬಂದರೆ ಹಿಡಿಯೋಣ ಎಂಬ ಲೆಕ್ಕ. ಆಮೇಲೆ ಮೈದುನ ಹಾರೆ ತಂದು ಬಚ್ಚಲಿನ ಕಲ್ಲು ಎಬ್ಬಿಸಿದ, ಅಡುಗೆಮನೆಯ ಮೂಲೆ ಅಗೆದ, ಬಾಣಂತಿಗೆಂದು ಸಾರಿಸಿಟ್ಟಿದ್ದ ಕೋಣೆಯ ನೆಲ ಅಗೆದ. ಜೋಳದ ಚೀಲ, ಹಾಸಿಗೆ, ಹಗ್ಗ ಹಾಕಿಟ್ಟಿದ್ದ ತೊಟ್ಟಿಲು ಎಲ್ಲ ಅಂಗಳಕ್ಕೆ ಬಂದವು. ಇರುವೆಯ ಗೂಡು ಬಿಟ್ಟರೆ ಏನೂ ಸಿಗಲಿಲ್ಲ.

"ಏನೂ ಇಲ್ರಿ ಅಕ್ಕೋರೆ," ಎಂದು ಮೈದುನ ಬೆವರು ಒರೆಸಿಕೊಂಡ. "ಇನ್ನ ಅಗದ್ರ ಆಂಧ್ರದಾಗ ಹೊರಗ ಬರ್ತೇನಿ."

"ಸಿಗಲಿಲ್ಲ ಅಂದ್ರ ಇನ್ನೂ ಅಂಜಿಕಿ ನನಗ," ಎಂದರು ಬೀಗತಿ. "ಸಿಗಲಾರದ ಹಾವಿನ ಜೋಡಿ ನನ್ನ ಸೊಸಿನ್ನ ಹ್ಯಾಂಗ ಮಲಗಸ್ಲಿ?"

ಅವರ ಮೇಲೆ ನೀನು ಸಿಟ್ಟಾಗಬೇಡ. ಅವರ ತಂಗಿ ಖಟಕ ಚಿಂಚೋಳಿಯ ಹೊಲದಲ್ಲಿ ಹಾವು ಕಚ್ಚಿ ಸತ್ತಿದ್ದಳು. ಆಗ ಅವಳೂ ಬಸುರಿ. ಅದನ್ನು ಅವರೇ ಅವತ್ತು ನನಗೆ ಹೇಳಿದರು. ಅಂಥವರ ಎದುರಿಗೆ ನಾನು ಏನು ಹೇಳಲಿ? ನನ್ನ ಹತ್ತಿರ ಇದ್ದದ್ದು ಅನುಮಾನ ಮಾತ್ರ. ಚಿಕ್ಕಂದಿನಲ್ಲಿ ತಿಪ್ಪೆ ಕೆದರುವಾಗ ಇಂಥವನ್ನು ಕಂಡಿದ್ದೆ, ಇದಕ್ಕಿಂತ ದೊಡ್ಡದಾದದ್ದನ್ನು ಎಂದೂ ಕಂಡಿರಲಿಲ್ಲ. "ಇವು ಇಷ್ಟೇ ಇರ್ತಾವೇನೋ ರಿ," ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಸಂಜೆಯೊಳಗೆ ಅವಳನ್ನು ಭಾಲ್ಕಿಗೆ ಕರೆದೊಯ್ಯಲು ಜೀಪು ಬಂತು. ನಿನ್ನ ಅವ್ವ ಹತ್ತುವ ಮೊದಲು ನನ್ನ ಸೆರಗು ಹಿಡಿದಳು.

"ಅವ್ವಾ, ನಾ ಹೋಗಲ್ಲ ಅಂತ ನೀನರೆ ಹೇಳು."

"ಹ್ಯಾಂಗ ಹೇಳ್ಲಿ ತಾಯಿ? ನಾಳಿ ಏನರ ಆದ್ರ?"

ಅವಳು ಸೆರಗು ಬಿಟ್ಟು ಜೀಪು ಹತ್ತಿದಳು. ಕೂಸಿನ ಬಟ್ಟೆಯ ಗಂಟನ್ನು ಜೀಪಿನೊಳಗೆ ಇಟ್ಟೆ. ತೊಟ್ಟಿಲು ಹಿಡಿಸಲಿಲ್ಲ.

ಅಗೆದ ಮನೆಯಲ್ಲಿ ನಾನೂ ಆ ಬಾಟಲಿಯೂ ಉಳಿದೆವು. ಮಣ್ಣು ಒಣಗಿದರೆ ನೀರು ಚಿಮುಕಿಸುತ್ತಿದ್ದೆ, ಹಿತ್ತಲಿನಿಂದ ಇರುವೆಯ ಮೊಟ್ಟೆ ತಂದು ಹಾಕುತ್ತಿದ್ದೆ. ಯಾವ ತಾಯಿಯೂ ಅದನ್ನು ಹುಡುಕಿಕೊಂಡು ಬರಲಿಲ್ಲ. ಹೀಗಿರುವಾಗ ಒಂದು ಬೆಳಗ್ಗೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ಗಾಜಿಗೆ ಅಂಟಿದ ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಕೆಲವು ಕಂಡವು. ಮೊದಲು ಇರುವೆಯ ಮೊಟ್ಟೆ ಎಂದುಕೊಂಡೆ. ಇರುವೆಯದಕ್ಕಿಂತ ಉದ್ದ ಇದ್ದವು, ಅವುಗಳ ಸುತ್ತಲೇ ಆ ಹಾವು ಬಳಸಿಕೊಂಡಿತ್ತು.

ನಾವು ನೆಲ ಅಗೆದು ಹುಡುಕಿದ ತಾಯಿ ಬಾಟಲಿಯಲ್ಲೇ ಇತ್ತು. ಅದಕ್ಕಿಂತ ದೊಡ್ಡದು ಎಲ್ಲೂ ಇರಲಿಲ್ಲ.

ನನಗೆ ಎಷ್ಟು ಖುಷಿಯಾಯಿತೆಂದರೆ ಬರಿಗಾಲಲ್ಲೇ ಮೈದುನನ ಮನೆಗೆ ಹೋಗಿ, ಭಾಲ್ಕಿಗೆ ಫೋನು ಹಚ್ಚಿಕೊಡು ಎಂದೆ. ನಾನಾಗಿಯೇ ಬೀಗರಿಗೆ ಫೋನು ಮಾಡಿಸಿದ್ದು ಅದೇ ಮೊದಲು.

"ಬೀಗ್ರೆ, ಅದು ಮರಿ ಅಲ್ರಿ. ಮೊಟ್ಟಿ ಇಟ್ಟದ್ರಿ. ಅದೇ ತಾಯಿ ಅದ. ಮನಿಯಾಗ ಬ್ಯಾರೆ ಹಾವು ಇಲ್ರಿ. ನನ್ನ ಮಗಳಿಗಿ ಕಳಸ್ರಿ."

ಅತ್ತ ಕಡೆಯಿಂದ ಬೀಗತಿ ಕೂಗಿದರು.

"ಮೊಟ್ಟಿ ಇಟ್ಟದಾ? ಶಿವಶಿವಾ! ಒಂದು ಇತ್ತು, ಈಗ ಮನಿ ತುಂಬ ಆಗ್ತಾವಲ್ರೀ! ಬ್ಯಾಡ್ರಿ, ನೀವೇ ಎಲ್ಲರ ಬ್ಯಾರೆ ಕಡಿ ಇರ್ರಿ ಮೊದಲು."

"ಹಂಗಲ್ರಿ..." ಎಂದೆ. ಮೈದುನ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಹೌದ್ರಿ, ಹೌದ್ರಿ," ಎಂದು ಇಟ್ಟುಬಿಟ್ಟ.

ಹಾವನ್ನೂ ಮೊಟ್ಟೆಗಳನ್ನೂ ಮಣ್ಣಿನ ಸಮೇತ ತಿಪ್ಪೆಯ ಬದಿಗೆ, ನೆರಳಲ್ಲಿ ಸುರಿದು ಬಂದೆ. ಅದು ಒಂದು ಚಣ ಹೊರಳಿ ಮಣ್ಣೊಳಗೆ ಇಳಿದುಹೋಯಿತು.

ನೀನು ಬೀದರದ ದವಾಖಾನೆಯಲ್ಲಿ ಹುಟ್ಟಿದೆ. ನಾನು ಅಂಟಿನುಂಡೆಯ ಡಬ್ಬಿ ಹಿಡಿದು ಔರಾದಕ್ಕೆ ಹೋಗಿ, ಅಲ್ಲಿಂದ ಬೀದರದ ಬಸ್ಸು ಹಿಡಿದೆ. ನಿನ್ನನ್ನು ನನ್ನ ಉಡಿಯಲ್ಲಿ ಹಾಕಿದರು. ನೀನು ಕಣ್ಣು ತೆರೆಯಲಿಲ್ಲ, ನಿದ್ದೆಯಲ್ಲಿದ್ದೆ. ಅಷ್ಟರಲ್ಲಿ ಡಾಕ್ಟರು ಬಂದರು, ಹೊರಗೆ ನಿಲ್ಲಿ ಎಂದರು. ಬಾಣಂತನ ಭಾಲ್ಕಿಯಲ್ಲಿ ಆಯಿತು, ಚೆನ್ನಾಗಿಯೇ ಆಯಿತು. ನಿನ್ನ ತಮ್ಮಂದಿರ ಕಾಲಕ್ಕೆ ಕೇಳುವ ಹಕ್ಕೂ ನನಗಿರಲಿಲ್ಲ, ಎರಡನೆಯದೂ ಮೂರನೆಯದೂ ಗಂಡನ ಮನೆಯವು.

ಅಗೆದ ನೆಲವನ್ನು ಮುಚ್ಚಿದೆವು. ಬಚ್ಚಲಿನ ಒಂದು ಕಲ್ಲು ಮಾತ್ರ ಮತ್ತೆ ಸರಿಯಾಗಿ ಕೂಡಲೇ ಇಲ್ಲ, ಕಾಲಿಟ್ಟರೆ ಟಕ್ ಎನ್ನುತ್ತದೆ. ನೀನು ಬಂದಾಗ ಬೆಳಗ್ಗೆ ನಾನೇ ನೀರು ಕಾಯಿಸುತ್ತೇನೆ. ನೀನು ಈಗ ನನಗಿಂತ ಎತ್ತರ, ಒಳಗೆ ಹೋಗಿ ಬಾಗಿಲ ಚಿಲಕ ಹಾಕಿಕೊಳ್ಳುತ್ತಿ. ಹಾಕಿಕೊಳ್ಳಬೇಕಾದದ್ದೇ. ಆ ಕಲ್ಲು ಟಕ್ ಎಂದಾಗ ನಾನು ಹೊರಗಿನಿಂದ ಕೇಳುತ್ತೇನೆ:

"ನೀರು ಸಾಕೇನವ್ವಾ? ಬೆನ್ನಿಗಿ ತಿಕ್ಕಲಾ?"

"ಸಾಕ್ ಆಯಿ, ನಾ ತಿಕ್ಕೋತೇನಿ," ಎನ್ನುತ್ತಿ.

ನಾನು ಟವೆಲು ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿರುತ್ತೇನೆ.