ಎರಡೂ ನಾನೇ ಬರೆದದ್ದು

ಗಿರಿಜಕ್ಕನ ವಿಡಿಯೊದ ಕೆಳಗೆ ಆ ಮಾತು ಬರೆದವಳು ನಾನು. "ಇಂಥಾ ಕೈಲೆ ಬಡದ ರೊಟ್ಟಿ ಯಾರು ತಿಂತಾರವಾ? ನೋಡಿದ್ರ ವಾಕರಿಕಿ ಬರ್ತೈತಿ" — ಇಷ್ಟೇ. ಹೆಸರು ನನ್ನದಲ್ಲ, 'ಮಲ್ಲಿಗಿ ಹೂ' ಎಂಬ ಸುಳ್ಳು ಖಾತೆಯದು. ಬೆರಳು ಮಾತ್ರ ನನ್ನವು. ಆಮೇಲೆ ಮನೆಮಂದಿಯೆಲ್ಲ ಕೂತು ಆ ಮಲ್ಲಿಗೆ ಹೂವನ್ನು ಶಪಿಸಿದಾಗ ನಾನೂ ಅವರ ನಡುವೆ ಕೂತು ಶಪಿಸಿದೆ. ನನ್ನ ದನಿ ನಡುಗಲಿಲ್ಲ.

ಗಿರಿಜಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಸವಣೂರಿಗೆ ಹತ್ತಿರದ ಹಳ್ಳಿ ನಮ್ಮದು. ಒಂದಿಷ್ಟು ಹೊಲ, ಎಲೆಬಳ್ಳಿಯ ತೋಟ, ಎಲ್ಲರಿಗೂ ಒಂದೇ ಒಲೆ. ಹಾನಗಲ್ಲಿನಲ್ಲಿ ಬಿ.ಎ. ಮುಗಿಸಿ ನಾನು ಸೊಸೆಯಾಗಿ ಬಂದಾಗ ಆಕೆ ಆಗಲೇ ಆ ಒಲೆಯ ಮುಂದಿದ್ದಳು. ಹಿರೇಕೆರೂರು ಕಡೆಯವಳು, ಏಳನೆಯ ತರಗತಿಯವರೆಗೆ ಓದಿದವಳು. ಮಕ್ಕಳಾಗಲಿಲ್ಲ. ನನ್ನ ಮಗಳು ಸಹನಾ ಹುಟ್ಟಿದಾಗ ತವರಿನಲ್ಲಿ ಅವ್ವನಿಗೆ ಆರಾಮಿರಲಿಲ್ಲ, ಬಾಣಂತನ ಇಲ್ಲೇ ಆಯಿತು. ಮಾಡಿದವಳು ಗಿರಿಜಕ್ಕ. ಕೂಸಿಗೆ ಎರೆದದ್ದು, ಮೊದಲ ತುತ್ತು ಉಣ್ಣಿಸಿದ್ದು ಆಕೆಯ ಕೈ.

ಆ ಕೈಗಳ ಮೇಲೆ ಬೆರಳಿನಿಂದ ಮೊಣಕೈವರೆಗೆ ಬಿಳಿ ಮಚ್ಚೆಗಳಿದ್ದವು. ತೊನ್ನು. ಅದು ಅಂಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು — ಕೂಸನ್ನು ನೋಡಲು ಬಂದ ನನ್ನ ಅವ್ವ ಆ ಕೈ ಕಂಡು ಅಂಜಿದಾಗ, "ಅದು ಅಂಟೂ ಬ್ಯಾನಿ ಅಲ್ಲವಾ, ಸುಮ್ನಿರು" ಎಂದು ಆಕೆಯ ಬಾಯಿ ಮುಚ್ಚಿಸಿದವಳು ನಾನೇ.

ವಿಡಿಯೊ ಶುರುವಾದದ್ದು ಆಟಕ್ಕೆ. ಶಾಲೆಗಳು ಮುಚ್ಚಿ ಮಕ್ಕಳು ಮನೆಯಲ್ಲೇ ಕೂತ ಆ ವರ್ಷ, ಹತ್ತು ವರ್ಷದ ಸಹನಾ ತನ್ನ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಫೋನಿನಲ್ಲಿ ಹಿಡಿದು ಹಾಕಿದಳು. ಗಿರಿಜಕ್ಕ ನಾಚುತ್ತ, ನಗುತ್ತ, ಹಿಟ್ಟಿಗೆ ನೀರು ಎಷ್ಟು ಬೇಕು, ಹಂಚು ಎಷ್ಟು ಕಾಯಬೇಕು ಎಂದು ಹೇಳುತ್ತಿದ್ದಳು. ಜನ ಮುಗಿಬಿದ್ದು ನೋಡಿದರು. ಗುರುತಿಲ್ಲದವರು ಆಕೆಯನ್ನು ಅವ್ವ ಎಂದರು, ಅಕ್ಕ ಎಂದರು. ಹುಲಗೂರಿನ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ನಿಲ್ಲಿಸಿ, "ನೀವು ರೊಟ್ಟಿ ಅಕ್ಕಾರ ನೆಗೆಣ್ಣಿ ಹೌದಲ್ರಿ?" ಎಂದಳು. ಹೌದು ಎಂದೆ.

ಹೊಟ್ಟೆಕಿಚ್ಚು ಎಂದುಬಿಟ್ಟರೆ ಮುಗಿಯಿತು. ಆದರೆ ಅಷ್ಟು ಬಿಸಿಯಾದದ್ದು ಯಾವುದೂ ಆ ಮಧ್ಯಾಹ್ನ ನನ್ನೊಳಗೆ ಇರಲಿಲ್ಲ. ತೊಗರಿಬೇಳೆ ಆರಿಸುತ್ತಿದ್ದೆ. ಫೋನು ಪಕ್ಕದಲ್ಲಿತ್ತು. ಹೊಗಳಿಕೆಗಳನ್ನು ಒಂದೊಂದಾಗಿ ಓದುತ್ತಿದ್ದೆ. ಯಾರೂ ಆ ಕೈಯ ಬಗ್ಗೆ ಏನೂ ಅಂದಿರಲಿಲ್ಲ — ಯಾಕೆ ಅಂದಿಲ್ಲ ಎನಿಸಿತು, ಬರೆದೆ. ಫೋನು ಮಗುಚಿಟ್ಟು ಮತ್ತೆ ಬೇಳೆ ಆರಿಸಿದೆ. ಆ ದಿನ ಸಾರಿಗೆ ಉಪ್ಪು ಕೂಡ ಸರಿಯಾಗಿಯೇ ಬಿದ್ದಿತ್ತು.

ಸಂಜೆಯ ಹೊತ್ತಿಗೆ ನನ್ನ ಮಾತಿನ ಕೆಳಗೆ ನಗುವ ಮುಖಗಳ ಸಾಲು. ಇನ್ನೊಬ್ಬರು ಇನ್ನೊಂದು ಸೇರಿಸಿದ್ದರು, ಮತ್ತೊಬ್ಬರು ಅದಕ್ಕಿಂತ ಹೊಲಸಾದದ್ದು. ಒಬ್ಬರು ಬಾಗಿಲು ತೆರೆಯಲಿ ಎಂದು ಎಲ್ಲರೂ ಹೊರಗೆ ಕಾಯುತ್ತಿದ್ದರೋ ಏನೋ.

ಮರುದಿನ ಗಿರಿಜಕ್ಕ ಹಿತ್ತಲಿಗೆ ಬಂದಳು. ನಾನು ಬಟ್ಟೆ ಒಣಹಾಕುತ್ತಿದ್ದೆ. ಫೋನು ನನ್ನ ಮುಂದೆ ಹಿಡಿದಳು.

"ಶೈಲಾ, ಇದನ್ನ ನೋಡಿದೇನು? ನನಗ ಮಾತು ಜೋಡ್ಸಾಕ ಬರೂದಿಲ್ಲ. ನೀ ಓದಿದಾಕಿ ಅದಿ. ಇದಕ್ಕ ಒಂದು ಉತ್ರಾ ಬರದು ಕೊಡು. ಬೈಯೂದು ಬ್ಯಾಡ. ಅಕಿಗಿ ತಿಳೀಬೇಕು, ಅಷ್ಟ."

ಆಗ ಹೇಳಬಹುದಿತ್ತು. ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ. ಆಕೆಯ ಹೆಸರಿನಲ್ಲಿ, ನನಗೆ ನಾನೇ ಉತ್ತರ ಬರೆದೆ: "ತಂಗೀ, ಇದು ಅಂಟುವ ಬೇನೆಯಲ್ಲ. ಈ ಕೈ ಮನೆಮಂದಿಗೆಲ್ಲ ಉಣಿಸಿದೆ, ಒಂದು ಕೂಸನ್ನು ಬೆಳೆಸಿದೆ. ಮುಚ್ಚಿಡಬೇಕಾದಂಥ ಯಾವ ತಪ್ಪನ್ನೂ ಇದು ಮಾಡಿಲ್ಲ."

ಗಿರಿಜಕ್ಕ ಮತ್ತೊಮ್ಮೆ ಓದಿಸಿಕೊಂಡಳು. ಸೆರಗಿನಿಂದ ಕಣ್ಣೊತ್ತಿದಳು. "ನನ್ನ ಮನಸಿನ್ಯಾಗಿಂದು ನಿನಗ ಹೆಂಗ ಗೊತ್ತಾತು?" ಎಂದಳು.

ಆ ಉತ್ತರವನ್ನು ಜನ ಮೆಚ್ಚಿದರು. ಎಂಥಾ ಮಾತು, ಎಂಥಾ ದೊಡ್ಡ ಮನಸ್ಸು ಎಂದರು. ಅದನ್ನು ಓದಿ ನನಗೆ ಖುಷಿಯಾಯಿತು — ನಾಚಿಕೆಯಲ್ಲ, ಖುಷಿ. ಬಿ.ಎ. ಓದಿದ್ದಕ್ಕೆ ಮೊದಲ ಸಲ ಯಾರೋ ಶಹಬ್ಬಾಸ್ ಎಂದಂತೆ. ಆದರೆ ಶಹಬ್ಬಾಸ್ ಗಿರಿಜಕ್ಕನಿಗೆ ಹೋಗಿತ್ತು. ಅದೇ ಮಧ್ಯಾಹ್ನ ಮತ್ತೆ ಮಲ್ಲಿಗೆ ಹೂವಾದೆ. "ಕೂಸು ಬೆಳಸೀರಂತ. ಆ ಕೂಸಿಗೂ ಮಚ್ಚಿ ಎದ್ದಾವೇನು ನೋಡ್ರಿ ಮೊದ್ಲ."

ಆ ಕೂಸು ನನ್ನ ಮಗಳು ಎಂಬುದು ಬರೆಯುವಾಗ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆಯಿತು. ಆದರೂ —

ಫೋನಿನಲ್ಲಿದ್ದ ಮಾತು ಫೋನಿನಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಮದುವೆಗಳು ಮತ್ತೆ ದೊಡ್ಡದಾಗಿ ನಡೆಯಲು ಶುರುವಾದಾಗ ಹಾನಗಲ್ಲಿನಲ್ಲಿ ನಮ್ಮ ನೆಂಟರ ಮನೆಯ ಮದುವೆ ಬಂತು. ರೊಟ್ಟಿ ಬಡಿಯುವ ಹೆಂಗಸರ ಸಾಲಿನಲ್ಲಿ ಗಿರಿಜಕ್ಕ ಎಂದಿನಂತೆ ಹೋಗಿ ಕುಳಿತಳು. ನಾನು ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದೆ. ಮದುಮಗಳ ಸೋದರತ್ತೆ ಬಂದು ಆಕೆಯ ಹೆಗಲು ಮುಟ್ಟಿ, ಬಹಳ ಮೆತ್ತಗೆ ಹೇಳಿದರು: "ಗಿರಿಜಾ, ನೀ ದಣದಿರ್ತಿ. ಮ್ಯಾಲೇಳು, ಹೂ ಕಟ್ಟಾಕ ಹೋಗು."

ಎಲ್ಲರ ಕೈಗಳೂ ಒಂದು ಕ್ಷಣ ನಿಂತವು. ಗಿರಿಜಕ್ಕ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಎದ್ದಳು. ಹೋಗುವಾಗ ನನ್ನ ಕಡೆ ನೋಡಿದಳು. ಉತ್ತರ ಬರೆದುಕೊಟ್ಟವಳಲ್ಲವೇ ನಾನು? ಈಗಲೂ ಏನಾದರೂ ಹೇಳಿಯೇನು ಎಂದುಕೊಂಡಿರಬೇಕು. ನಾನು ಹಿಟ್ಟಿಗೆ ಇನ್ನಷ್ಟು ನೀರು ಹಾಕಿದೆ.

ಆಮೇಲೆ ಬೇಸಿಗೆಯಲ್ಲೂ ಆಕೆ ಉದ್ದ ತೋಳಿನ ಕುಪ್ಪಸ ತೊಡತೊಡಗಿದಳು. "ವಿಡಿಯೊ ಸಾಕವಾ, ಕಣ್ಣು ಉರೀತಾವು" ಎಂದು ಸಹನಾಗೆ ಹೇಳಿದಳು.

ಶಾಲೆಗಳು ತೆರೆದವು. ಒಂದು ದಿನ ಸಹನಾ ಶಾಲೆಯಿಂದ ಬಂದು ಊಟಕ್ಕೆ ಕೂತಳು. ಗಿರಿಜಕ್ಕ ಹಂಚಿನಿಂದ ತೆಗೆದ ರೊಟ್ಟಿಯನ್ನು ತಾಟಿಗೆ ಹಾಕಿದಳು. ಹುಡುಗಿ ತಾಟನ್ನು ಸರಿಸಿದಳು.

"ನನಗ ದೊಡ್ಡವ್ವನ ಕೈದು ಬ್ಯಾಡ. ಅವ್ವಾ, ನೀ ಮಾಡಿ ಕೊಡು."

"ಏನಂದಿ?" ಎಂದು ನಾನು ಗದರಿದೆ. ಗದರಿದವಳು ನಾನು, ನೋಡಿ.

ಸಹನಾ ಅಳತೊಡಗಿದಳು. "ಸಾಲ್ಯಾಗ ಎಲ್ಲಾರೂ ನನ್ನ ಕೈ ತಿರುವಿ ತಿರುವಿ ನೋಡ್ತಾರ, ಮಚ್ಚಿ ಎದ್ದಾವೇನಂತ. ನನ್ನ ಹಂತ್ಯಾಕ ಯಾರೂ ಕುಂದ್ರೂದಿಲ್ಲ."

ಗಿರಿಜಕ್ಕ ತಾಟಿನಿಂದ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿ ಅರಿವೆ ಮುಚ್ಚಿದಳು. "ಹುಡುಗಿಗಿ ಬೈಬ್ಯಾಡ ಶೈಲಾ" ಎಂದಷ್ಟೇ ಹೇಳಿದಳು.

ಆ ಸುಗ್ಗಿ ಮುಗಿದ ಮೇಲೆ ಆಕೆ ಮತ್ತು ಭಾವ ಹಿರೇಕೆರೂರಿಗೆ ಹೊರಟರು. ಆಕೆಯ ತಮ್ಮನ ಹೊಲ ಗೇಣಿಗೆ ಮಾಡುತ್ತಾರೆ ಎಂದು ಊರಿಗೆ ಹೇಳಿದ್ದಾಯಿತು. ಬಸ್ಸಿನವರೆಗೆ ಗಂಟು ಹೊತ್ತುಕೊಂಡು ಹೋದವಳು ನಾನು. ಆಗಲೂ ಹೇಳಲಿಲ್ಲ. ಮನೆಗೆ ಬಂದು ಮಲ್ಲಿಗೆ ಹೂವಿನ ಖಾತೆ ಅಳಿಸಿದೆ. ಬಾಯಿಂದ ಬಾಯಿಗೆ ಹೋದ ಮಾತನ್ನು ಅಳಿಸುವ ಗುಂಡಿ ಎಲ್ಲೂ ಇರಲಿಲ್ಲ. ವರ್ಷಗಳು ಹೋದವು. ಉಂಡೆ, ಮಲಗಿದೆ, ಹಬ್ಬ ಮಾಡಿದೆ.

ಈ ವರ್ಷ, ಒಂದು ಸಂಜೆ, ಹದಿನೈದಾದ ಸಹನಾ ಫೋನು ನೋಡಿ ನಗುತ್ತಿದ್ದಳು. ಏನು ಎಂದೆ. ತೋರಿಸಿದಳು. ಅವಳ ತರಗತಿಯ ಒಬ್ಬ ಹುಡುಗಿಯ ಫೋಟೊ, ಅವಳ ಹಲ್ಲಿನ ಬಗ್ಗೆ ಸಾಲು ಸಾಲು ಮಾತು. ಕೆಳಗೆ ನನ್ನ ಮಗಳು ಬರೆದದ್ದೂ ಒಂದು.

"ಎಲ್ಲಾರೂ ಬರ್ಯಾಕತ್ತಾರವಾ. ಸುಮ್ನ ಚ್ಯಾಷ್ಟಿಗಿ."

ಬೈಯಬೇಕೆಂದು ಬಾಯಿ ತೆರೆದೆ. ಫೋನನ್ನು ಅವಳ ಕೈಗೇ ಕೊಟ್ಟು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಹಿರೇಕೆರೂರಿಗೆ ಹೋದೆ. ಗಿರಿಜಕ್ಕ ಒಲೆಯ ಮುಂದಿದ್ದಳು. ತನ್ನದೇ ಮನೆಯೊಳಗೆ, ಬೆಂಕಿಯ ಮುಂದೆ, ಅದೇ ಉದ್ದ ತೋಳಿನ ಕುಪ್ಪಸ. ಕೂರುವ ಮೊದಲೇ ಹೇಳಿದೆ. ನಿಂತೇ ಹೇಳಿದೆ. ಮೊದಲನೆಯದೂ ನಾನೇ, ಕೂಸಿನ ಮಾತೂ ನಾನೇ ಎಂದೆ. ಆಕೆಯ ಕೈ ನಿಲ್ಲಲಿಲ್ಲ. ರೊಟ್ಟಿ ಬಡಿದು, ಹಂಚಿಗೆ ಹಾಕಿ, ನೀರು ಸವರಿದಳು.

"ಉತ್ರಾನೂ ನೀನ ಬರದಿದ್ದೆಲ್ಲ?"

"ಹೂಂ."

ಹಿಟ್ಟಿನ ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡಳು.

"ಅದನ್ನ ನಾ ಬಾಯಿಪಾಠ ಮಾಡೇನಿ ಶೈಲಾ. ಜೀವಕ್ಕ ಭಾಳ ಆದಾಗ ಅದನ್ನ ಅನ್ಕೋತ ಕುಂದರ್ತಿದ್ದೆ. ನನ್ನ ಪರವಾಗಿ ಒಬ್ಬಾಕಿ ಇದ್ಲಲ್ಲಾ ಅಂತ. ಇವತ್ತ ಅದನ್ನೂ ಕಸ್ಗೊಂಡಿ."

ಬೈಯಲಿಲ್ಲ, ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗತೊಡಗಿದಾಗ ತಿರುವಿ ಹಾಕಿದಳು. ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಆಕೆ "ಆತು ಬಿಡು" ಎಂದುಬಿಡುತ್ತಿದ್ದಳು, ಆಕೆಯ ಸ್ವಭಾವ ನನಗೆ ಗೊತ್ತು — ಅಷ್ಟು ಅಗ್ಗವಾಗಿ ಕ್ಷಮೆಯನ್ನೂ ಆಕೆಯಿಂದ ತೆಗೆದುಕೊಳ್ಳುವುದು ಬೇಡವಾಗಿತ್ತು.

ಊರಿಗೆ ಬಂದು ಗಂಡನಿಗೆ ಹೇಳಿದೆ, ಅತ್ತೆಗೆ ಹೇಳಿದೆ. ಕೊನೆಗೆ ಸಹನಾಗೆ.

"ನನ್ನ ಮೈ ಮ್ಯಾಲಿನ ಮಚ್ಚಿ ಮಾತು? ಅದನ್ನೂ ನೀನ ಬರದಿದ್ದೇನು?" ಎಂದಳು.

"ಹೌದು."

"ಯಾಕ?"

ಗೊತ್ತಿಲ್ಲ ಎಂದೆ. ಅದಕ್ಕಿಂತ ನಿಜವಾದ ಉತ್ತರ ನನ್ನಲ್ಲಿ ಇವತ್ತಿಗೂ ಇಲ್ಲ.

ಈಗ ಇದನ್ನು ನನ್ನ ಸ್ವಂತ ಹೆಸರಿನಲ್ಲಿ ಬರೆಯುತ್ತಿದ್ದೇನೆ. ಓದಿದವರು ಏನು ಬೇಕಾದರೂ ಬರೆಯಲಿ, ನಾನು ಉತ್ತರ ಕೊಡುವುದಿಲ್ಲ. ಅಳು ಬಂದೀತೆಂದು ಕಾದಿದ್ದೆ. ಬಂದಿಲ್ಲ.

ಹೋದ ರವಿವಾರ ಸಹನಾ ಒಬ್ಬಳೇ ಹಿರೇಕೆರೂರಿಗೆ ಹೊರಟಳು. ನಾನೂ ಬರಲೇ ಎಂದೆ. ಬ್ಯಾಡ ಎಂದಳು. ಹೊತ್ತು ಮುಳುಗುವ ಮುಂಚೆ ಬಂದು, ಕೈಕಾಲು ತೊಳೆದು, ಪುಸ್ತಕ ಹಿಡಿದು ಕೂತಳು. ಅಲ್ಲಿ ದೊಡ್ಡವ್ವ ಏನಂದಳು, ತಾನು ಏನು ಹೇಳಿದಳು, ಯಾವುದನ್ನೂ ನನಗೆ ಹೇಳಿಲ್ಲ. ನಾನು ಕೇಳುವುದೂ ಇಲ್ಲ.