ಡೈರಿ ಕಂಪ್ಯೂಟರಿನ ಕಸ

ಓದಿದ್ದು ಎರಡನೇ ಕ್ಲಾಸು. ಆದರೂ ದುದ್ದದ ಹತ್ತಿರದ ನಮ್ಮೂರಲ್ಲಿ ಹೆಂಗಸರ ಹಾಲಿನ ಡೈರಿಗೆ ನಾನೇ ಅಧ್ಯಕ್ಷೆ. ಜಗಳ ಬಿಡಿಸಲು ಗಂಟಲಿದ್ದರೆ ಸಾಕು, ಅಕ್ಷರ ಯಾಕೆ?

ಒಂದು ಶುಕ್ರವಾರ ಬೆಳಿಗ್ಗೆ ಡೈರಿಯ ಕಂಪ್ಯೂಟರು ಲೆಕ್ಕ ಬರೆಸಿಕೊಳ್ಳುವುದನ್ನು ನಿಲ್ಲಿಸಿತು. ಹಾಲಿನ ಅಳತೆ, ಫ್ಯಾಟು ಎಲ್ಲ ಅದರಲ್ಲೇ ಏರಬೇಕು. ಕ್ಯಾನು ಹಿಡಿದವರ ಸಾಲು ರಸ್ತೆಯವರೆಗೆ ಬೆಳೆದಿತ್ತು. ಲಾರಿ ಬರುವುದರೊಳಗೆ ಅಳೆಯದಿದ್ದರೆ ಅಷ್ಟೂ ಹಾಲು ಮನೆಗೆ ವಾಪಸ್ಸು. ನಮ್ಮ ಸೆಕ್ರೆಟರಿ ನನ್ನ ತಂಗಿಯ ಸೊಸೆ. ಅವಳು ಹಾಸನದ ಕಂಪ್ಯೂಟರಿನವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಅಕ್ಕಾ, ಅದು ಲಿನಕ್ಸು. ಕಪ್ಪು ಪರದೆ ತೆಗೆದು ಡಿಎಫ್ ಅಂತ ಹೊಡೀರಿ. ಎಷ್ಟು ಪರ್ಸೆಂಟು ತೋರಿಸ್ತದೆ?”

“ನೂರು, ಸಾ.”

“ಡಿಸ್ಕು ತುಂಬೋಗದೆ. ಏನ್ ತುಂಬಿದ್ದೀರಿ ಅದ್ರಾಗೆ?”

ಏನು ತುಂಬಿದೆ ಅಂತ ಸಾಲಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೊಬೈಲಿನಲ್ಲಿ ಜಾಗ ಸಾಲದು ಅಂತ ಊರಿನ ಮದುವೆ, ಬೀಗರೂಟ, ನಾಮಕರಣದ ವಿಡಿಯೋಗಳನ್ನೆಲ್ಲ ಅದರೊಳಗೆ ಸೇರಿಸಿದ್ದೆವು. ಆಫೀಸು ಭದ್ರ ಅಲ್ಲವೇ?

“ಅಳಿಸ್ರೇ” ಅಂದೆ.

“ಮದ್ವೆ ಅಳಿಸ್ತಾರೇನಜ್ಜಿ? ಮೊದ್ಲು ನಿಂದು ಅಳಿಸು!” ಅಂದಳು ಸಾಲಿನಲ್ಲಿದ್ದ ಒಬ್ಬಳು.

ಸರಿ, ನನಗೆ ಹಾರ ಹಾಕಿದ ಸಭೆಯ ವಿಡಿಯೋ ತೆಗೆಸಿದೆ. ಬೇಡ ಅಂತ ಒಬ್ಬಳಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಆಮೇಲೆ ಒಬ್ಬೊಬ್ಬರೇ ತಮ್ಮ ಬೀಗರೂಟ ಬಿಟ್ಟುಕೊಟ್ಟರು. ಮದುವೆಗೆ ಮಾತ್ರ ಕೈ ಹಚ್ಚಗೊಡಲಿಲ್ಲ.

ಮತ್ತೆ ಡಿಎಫ್. ಮತ್ತೆ ನೂರು.

“ಅಳಿಸಿದ್ದು ಕಸದ ಬುಟ್ಟಿಗೆ ಹೋಗ್ತದೆ ಅಕ್ಕಾ. ಬುಟ್ಟಿನೂ ಆ ಡಿಸ್ಕಲ್ಲೇ ಇರ್ತದೆ. ಅದನ್ನ ಖಾಲಿ ಮಾಡಿ.”

ಮನೆ ಗುಡಿಸಿ ಕಸವನ್ನು ಬಾಗಿಲ ಹಿಂದೆ ತಳ್ಳಿದ ಹಾಗಾಯಿತು ನಮ್ಮ ಕೆಲಸ.

ಸೆಕ್ರೆಟರಿ ಮೌಸಿನಿಂದ ಕೈ ತೆಗೆದುಬಿಟ್ಟಳು. ಕಂಪ್ಯೂಟರಿನ ನೆತ್ತಿಯ ಮೇಲೆ ಅವಳು ಆಗತಾನೇ ಇಟ್ಟಿದ್ದ ಕುಂಕುಮ ಹಸಿಯಾಗಿತ್ತು.

“ಶುಕ್ರವಾರ ಕಸ ಆಚೆ ಆಕ್ಬಾರ್ದು ದೊಡ್ಡತ್ತೆ. ಲಕ್ಷ್ಮಿ ಒಂಟೋಯ್ತಾಳೆ.”

ಸಾಲಿನಲ್ಲಿ ಅರ್ಧ ಜನ ಹೌದೆಂದು ತಲೆಯಾಡಿಸಿದರು. ಫೋನಿನೊಳಗೆ ಅವನು ನಗುತ್ತಿದ್ದ. ನನಗೆ ರೇಗಿತು.

“ಲಾರಿ ಶನಿವಾರದ್ ಗಂಟ ಕಾಯ್ತದೇನೇ? ಶುಕ್ರವಾರ ಅಂತ ಅಸ ಕೆಚ್ಚಲು ಬಿಗಿ ಇಡ್ಕಂಡು ನಿಂತ್ಕತದಾ? ದಿನಾ ಆಚೆ ಓಗೋ ಆಲೇ ಕಣೇ ನಮ್ಗೆ ಲಕ್ಷ್ಮಿ. ಒತ್ತು!”

ಕಣ್ಣು ಮುಚ್ಚಿಕೊಂಡು ಒತ್ತಿದಳು. ನೂರು ಎಂಬತ್ತಕ್ಕೆ ಇಳಿಯಿತು. ಅಳತೆಯ ಚೀಟಿ ಕೊಡುವ ಮಿಷನ್ನು ಕಿರುಗುಟ್ಟಿದ್ದೇ ತಡ, ಎಲ್ಲರೂ ಕ್ಯಾನು ಎತ್ತಿಕೊಂಡು ನುಗ್ಗಿದರು. ಬೈದು ಸಾಲಿಗೆ ನಿಲ್ಲಿಸುವಷ್ಟರಲ್ಲಿ ನನ್ನ ಗಂಟಲು ಬಿತ್ತು.

ಕೊನೆಯ ಕ್ಯಾನು ಅಳೆಯುವಾಗ ಲಾರಿ ಬಂದು ಹಾರ್ನು ಬಾರಿಸುತ್ತಿತ್ತು. “ಯಾಕಜ್ಜಿ ಇವತ್ತು ಲೇಟು?” ಅಂದ ಡ್ರೈವರು.

“ಕಸ ಗುಡಿಸ್ತಿದ್ವಿ ಕಣ್ಲಾ. ನೀ ತುಂಬ್ಕಂಡು ಒರಡು” ಅಂದೆ. ತುಂಬಿಕೊಂಡ. ಒಂದು ತೊಟ್ಟೂ ವಾಪಸ್ಸು ಬರಲಿಲ್ಲ.