ಐದನೆಯ ಹುಡುಗಿ

ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದೊಡನೆ ಸೇವಂತಿಯಮ್ಮ ಮೊದಲ ಚೊಂಬನ್ನು ಡಬ್ಬಿಯಲ್ಲಿ ಬೆಳೆಸಿದ ತುಳಸಿಗೆ ಎರೆಯುತ್ತಿದ್ದರು. ಜ್ವರವಿರಲಿ, ಮಳೆಯಿರಲಿ, ಅದು ತಪ್ಪಿದ್ದೇ ಇಲ್ಲ. ಆಮೇಲೆ ತಮ್ಮ ಕೊಡವನ್ನು ಸಾಲಿನಲ್ಲಿಟ್ಟು ಕತೆ ಶುರು ಮಾಡುವರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಘಾಟ್ಕೋಪರಿನ ಸಾಲುಮನೆಗಳ ಆ ಚಾಳಿಗೆಲ್ಲ ಒಂದೇ ನಲ್ಲಿ. ಸೇವಂತಿಯಮ್ಮನ ಕೊಡ ತುಂಬಿದರೆ ಅಂದಿನ ಕತೆ ಮುಗಿಯಿತೆಂಬುದು ಅಲ್ಲಿಯ ಕಟ್ಟಳೆ. ಹಾಗಾಗಿ ಮಕ್ಕಳು ಹಿಂದೆ ಬಂದವರನ್ನೆಲ್ಲ ಮುಂದೆ ಕಳಿಸಿ, ಸೇವಂತಿಯಮ್ಮನ ಕೊಡವನ್ನು ಕೊನೆಗೇ ತಳ್ಳುತ್ತಿದ್ದರು.

"ಅಮ್ಮಾ, ನಿಮ್ಮ ಕಳ್ಳರು ಸಿಗೂದ್ರೊಳಗ ನಲ್ಲಿ ನಿಂತು ಹೋಗ್ತದ ನೋಡ್ರಿ!" ಎಂದು ವಿಜಾಪುರದ ಬಸಲಿಂಗವ್ವ ತುಂಬಿದ ಕೊಡ ಸೊಂಟಕ್ಕಿಟ್ಟು ನಗುವಳು.

ಕತೆ ಕಳ್ಳರನ್ನು ಹಿಡಿಯುವ ನಾಲ್ಕು ಜಾಣ ಮಕ್ಕಳದು. ಒಬ್ಬ ಕಂಡದ್ದನ್ನು ಮರೆಯುವುದಿಲ್ಲ. ಒಬ್ಬಳಿಗೆ ಹೆಜ್ಜೆಯ ಸದ್ದಿನಲ್ಲೇ ಮನುಷ್ಯರ ಗುರುತು ಸಿಗುತ್ತದೆ. ಇನ್ನಿಬ್ಬರು ಬೀಗ ಬಿಡಿಸುವುದರಲ್ಲಿ, ಲೆಕ್ಕದಲ್ಲಿ ಗಟ್ಟಿಗರು. ಮದುವೆಯಾದ ಹೊಸತರಲ್ಲಿ ಸೇವಂತಿಯಮ್ಮ ಮೈದುನನ ಪಕ್ಕ ಕುಳಿತು ಅಕ್ಷರ ಕಲಿತು ಓದಿದ ಪುಸ್ತಕಗಳ ಕತೆಯಿದು. ಚಾಳಿನ ಮಕ್ಕಳಿಗೆ ಹೇಳುವಾಗ ಅವರು ಐದನೆಯವಳೊಬ್ಬಳನ್ನು ಸೇರಿಸಿದ್ದರು. ಅವಳ ಮಾತು ತಡವರಿಸುತ್ತದೆ. ಅವಳಿಗೇನೂ ತಿಳಿಯದೆಂದು ಕಳ್ಳರು ಅವಳೆದುರೇ ಎಲ್ಲ ಗುಟ್ಟು ಮಾತಾಡುತ್ತಾರೆ.

ಬಸಲಿಂಗವ್ವನ ಮಗಳು ಕಾಶವ್ವ ತೊದಲುತ್ತಿದ್ದಳು. ಶಾಲೆಯಲ್ಲಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಕತೆಯೊಳಗೆ ಐದನೆಯ ಹುಡುಗಿ ಬಂದ ಮೇಲೆ ತರಗತಿಯಲ್ಲಿ ಎದ್ದು ನಿಂತು, ತಡವರಿಸುತ್ತಲೇ ಪಾಠ ಓದತೊಡಗಿದ್ದಳು.

ಒಂದು ಶನಿವಾರ ಸೇವಂತಿಯಮ್ಮನ ತಂಗಿಯ ಮಗ ಸದಾನಂದ ಬಂದ. ಕೋಟೆ ಪೇಟೆಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ರದ್ದಿ ಅಂಗಡಿಯಲ್ಲಿ ಸಿಕ್ಕ ಅದೇ ಪುಸ್ತಕಗಳನ್ನು ಅವರ ಮಡಿಲಲ್ಲಿಟ್ಟ.

"ದೊಡ್ಡಮ್ಮ, ಎಂಥ ಕೆಮ್ಮು ಮಾರಾಯ್ರೆ ನಿಮ್ದು! ನಾಳೆ ರಜೆ ಉಂಟು. ಮಕ್ಕಳಿಗೆ ನಾನೇ ಓದಿ ಹೇಳ್ತೇನೆ."

ಮಧ್ಯಾಹ್ನವೆಲ್ಲ ಸೇವಂತಿಯಮ್ಮ ಓದಿದರು. ಹಳೆಯ ಗೆಳೆಯರು ಸಿಕ್ಕಂತೆ ಒಬ್ಬರೇ ನಕ್ಕರು. ಆದರೆ ಪುಟ ಮಗುಚಿದಷ್ಟೂ ಎದೆ ಭಾರವಾಯಿತು. ಇದ್ದವರು ನಾಲ್ವರೇ. ನಾಳೆ ಇವನು ಓದಿದರೆ ಕಾಶವ್ವ ಎಲ್ಲರೆದುರು ತನ್ನವಳನ್ನು ಹುಡುಕುತ್ತಾ ಕೂರಬೇಕು. ಪುಸ್ತಕ ಬಚ್ಚಿಡೋಣವೆ? ದೇವರ ಮುಂದೆ ದೀಪ ಹಚ್ಚಿದಾಗ ಆ ಯೋಚನೆಗೇ ನಾಚಿಕೆಯಾಯಿತು.

ಭಾನುವಾರ ನಲ್ಲಿಯ ಬಳಿ ಹುಡುಗಿಯನ್ನು ಪಕ್ಕಕ್ಕೆ ಕರೆದರು.

"ಮಗಾ, ಪುಸ್ತಕದಲ್ಲಿ ಐದನೆಯವಳು ಇಲ್ಲ. ನಾನೇ ಸೇರಿಸಿದ್ದು."

ಕಾಶವ್ವ ಕೊಡದ ಬಾಯಿ ಹಿಡಿದುಕೊಂಡೇ ನಿಂತಳು. ಮಾತು ಬರಲು ಹೊತ್ತಾಯಿತು. ಸೇವಂತಿಯಮ್ಮ ಕಾದರು.

"ಗ... ಗೊತ್ತದ ಅಜ್ಜಿ. ಪುಸ್ತಕದವ್ರು ನಮ್ಮ ಚಾ... ಚಾಳಿಗಿ ಬಂದಿಲ್ಲಲ್ಲ, ಅವ್ರಿಗೆ ಹೆಂಗ ಗೊತ್ತಾಗಬೇಕು? ಮುಂದ ಏನಾತು? ಅಕಿ ಗ್ವಾಡಿ ಹಾರಿದ್ಲೋ ಇಲ್ಲೋ?"

ಅಷ್ಟರಲ್ಲಿ ಕನ್ನಡಕ ಏರಿಸಿಕೊಂಡು, ಪುಸ್ತಕ ಹಿಡಿದು ಸದಾನಂದ ಬಂದ. "ಕೂತ್ಕೊಳ್ಳಿ ಮಕ್ಕಳೇ. ದೊಡ್ಡಮ್ಮ, ನೀವು ಸುಮ್ಮನೆ ಕೇಳಿ ಇವತ್ತು."

"ಬೇಡ ಸದಾನಂದ," ಎಂದರು ಸೇವಂತಿಯಮ್ಮ. "ಪುಸ್ತಕ ಕಟ್ಟೆ ಮೇಲೆ ಇರಲಿ, ಬೇಕಾದವರು ಓದಿಕೊಳ್ಳಲಿ. ಕತೆ ನಾನೇ ಹೇಳ್ತೇನೆ."